ಗೆಣ್ಣಿನ ಕಣ್ಣು

ಗಿಡವಾಗಿ ಬಗ್ಗದ್ದು ಪೈಪಾಗಿ ಬಗ್ಗೀತೇ ಎಂದು ಗಾದೆ ಮಾಡಿದವರು ನಮ್ಮ ಬಡಗಿ ಯಜಮಾನರನ್ನು ನೋಡಿರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಉಪ್ಪುಖಾರ ಬೇಕಾದವರು ಆಮೇಲೆ ಹಚ್ಚಿಕೊಳ್ಳಲಿ.

ಯಜಮಾನರ ಕಣ್ಣು ಮಂಜಾಗಿತ್ತು. ಹೋದ ವಾರ ಒಂದು ಕುರ್ಚಿಗೆ ಮೂರು ಕಾಲು ಸರಿಯಾಗಿಟ್ಟು ನಾಲ್ಕನೆಯದನ್ನು ಗಿಡ್ಡ ಕೊಯ್ದಿದ್ದರು. ಕಾರ್ಖಾನೆ ನಡೆಸುವ ಮಗಳು ಹೇಳಿಯೇಬಿಟ್ಟಳು: "ಸಾಕಪ್ಪಾ, ಇನ್ಮೇಲೆ ಮನೇಲಿರು."

"ಕುರ್ಚಿ ಕುಂಟಿದ್ರೆ ನಾನೂ ಕುಂಟನಾ? ನಾಳೆ ಬಿದಿರಲ್ಲೊಂದು ಹೊಗೆಸೊಪ್ಪು ಸೇದೋ ಪೈಪು ಮಾಡ್ತೀನಿ. ಹೊಗೆ ಬಂತಾ, ಈ ಕೆಲಸದ ಮೇಜು ನಂದು. ಬರ್ಲಿಲ್ವಾ, ಉಳಿ ನಿಂದು."

ಮರುದಿನ ದಪ್ಪ ಬಿದಿರನ್ನು ಗೆಣ್ಣಿನ ಕೆಳಗೆ ಕೊಯ್ದರು. ಗೆಣ್ಣಿನ ಅಡ್ಡಗೋಡೆಯೇ ಬಟ್ಟಲಿಗೆ ತಳವಾಯಿತು. ಪಕ್ಕದಲ್ಲಿ ತೂತು ಕೊರೆದು, ಕಿರುಬೆರಳು ಗಾತ್ರದ ಬಿದಿರನ್ನು ಕೊಳವೆಯಾಗಿ ಕೂರಿಸಿದರು. ಅದರ ನಡುವಿನ ಗೆಣ್ಣನ್ನು ಕಾದ ತಂತಿಯಿಂದ ಮೊದಲೇ ಚುಯ್ಯೆನಿಸಿ ತೂತು ಮಾಡಿದ್ದರು. ಬೇರಿನ ಕಡೆ ಬಟ್ಟಲಿಗೆ, ತುದಿಯ ಕಡೆ ಬಾಯಿಗೆ. ಅದು ಅವರ ಹಳೆಯ ಹಟ. ಎಲ್ಲವೂ ಬೆರಳಿನ ಅಂದಾಜಿನಲ್ಲೇ.

ಅವರು ಕೈ ತೊಳೆಯಲು ಹೋದದ್ದೇ ತಡ, ಕುಚೇಷ್ಟೆಗೆ ಹೆಸರಾದ ಅಳಿಯ ಕೊಳವೆ ಕಿತ್ತು, ತೂತೇ ಇಲ್ಲದ ಇನ್ನೊಂದನ್ನು ತುರುಕಿದ. "ಕಣ್ಯಾಕ್ರೋ, ಬೆರಳಿಲ್ವಾ?" ಎಂದು ಮಾವನ ಗೊಗ್ಗರು ದನಿಯನ್ನೇ ಹೊರಡಿಸಿದ. ಪಾಲಿಶ್ ಹಾಕುವವರು ಮುಖಕ್ಕೆ ಚಿಂದಿಬಟ್ಟೆ ಒತ್ತಿಕೊಂಡರು.

ಯಜಮಾನರು ಹೊಗೆಸೊಪ್ಪು ತುಂಬಿ, ಕಡ್ಡಿ ಗೀರಿ, ಎಳೆದರು. ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು. ಹೊಗೆ ಮಾತ್ರ ಬರಲಿಲ್ಲ. ಇನ್ನೊಮ್ಮೆ ಎಳೆದರು.

ಕುಚೇಷ್ಟೆಯ ಸುಳಿವೇ ಇಲ್ಲದ ಮಗಳು ಮುಖ ತಗ್ಗಿಸಿ ಕೈ ಚಾಚಿದಳು. "ಕೊಡಪ್ಪಾ."

ಯಜಮಾನರು ಉಳಿಯನ್ನು ಅವಳ ಅಂಗೈಯಲ್ಲಿಟ್ಟರು. ಆದರೆ ಇನ್ನೊಂದು ಕೈಯ ಹೆಬ್ಬೆರಳು ಕೊಳವೆಯ ಮೇಲೆ ಸರಿದದ್ದು ಗೆಣ್ಣಿನ ಹತ್ತಿರ ನಿಂತುಬಿಟ್ಟಿತು.

"ಅಳಿಯಂದಿರೇ, ಇದು ತಮ್ಮ ಕೈಗೆಲಸ."

"ಅಯ್ಯೋ, ನಾನ್ಯಾಕೆ ಮಾವ..."

"ಮೊಳಕೆ ಒಡೆಯೋ ಕಣ್ಣು ಯಾವತ್ತೂ ಗೆಣ್ಣಿನ ಮೇಲ್ಗಡೆ ಇರುತ್ತೆ. ನನ್ನ ಕೊಳವೇಲಿ ಅದು ಬಾಯಿ ಕಡೆ ಇತ್ತು. ಇದ್ರಲ್ಲಿ ಬಟ್ಟಲು ಕಡೆ ಇದೆ. ಬಿದಿರನ್ನ ತಲೆಕೆಳಗು ನಿಲ್ಸಿದೀರಲ್ಲಪ್ಪಾ! ಕುರುಡನಿಗೂ ಗೊತ್ತಾಗುತ್ತೆ, ನನಗೆ ಗೊತ್ತಾಗಲ್ವಾ?"

ಅಳಿಯ ಪೆಚ್ಚಾಗಿ ಜೇಬಿನಿಂದ ನಿಜವಾದ ಕೊಳವೆ ತೆಗೆದ. ಅದನ್ನು ಸಿಕ್ಕಿಸಿ ಎಳೆದರೆ, ದಪ್ಪಗೆ, ನೀಲಿಯಾಗಿ, ಸಲೀಸಾಗಿ ಹೊಗೆ ಬಂತು. ಮಗಳು ಗಂಡನನ್ನೊಮ್ಮೆ ಗುರಾಯಿಸಿ, ಉಳಿಯನ್ನು ಸೆರಗಿನಲ್ಲಿ ಒರೆಸಿ, ಮೇಜಿನ ಮೇಲೆ ಅದರ ಜಾಗದಲ್ಲೇ ಇಟ್ಟಳು.

ಆಗ ಶುರುವಾಯಿತು ನಗು. ಎಲ್ಲರದ್ದೂ ಮುಗಿದ ಮೇಲೂ ಯಜಮಾನರದ್ದು ಮುಗಿಯಲಿಲ್ಲ. ಕೆಮ್ಮಿ, ಕಣ್ಣೊರೆಸಿಕೊಂಡು, ಆ ಕುಂಟು ಕುರ್ಚಿಯ ಮೇಲೇ ಕುಸಿದು ಮತ್ತೆ ನಕ್ಕರು. ಅವರು ನಕ್ಕಾಗಲೆಲ್ಲ ಗಿಡ್ಡ ಕಾಲು ನೆಲಕ್ಕೆ ಟಕ್ ಟಕ್ ಎಂದು ತಾಳ ಹಾಕುತ್ತಿತ್ತು.