ಫ್ಯಾಕ್ಟರಿಯ ಸಕ್ಕರೆ, ಮಾಯಪ್ಪನ ಬೆಲ್ಲ

ಡಾಕ್ಟರ್ ಕಾಜಲ ನನ್ನ ರಕ್ತದ ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಳು. ಅಥಣಿಯಲ್ಲಿ ದವಾಖಾನೆ ಇಟ್ಟಿರುವ ಈ ಹುಡುಗಿ ನನ್ನ ಮಗಳ ವಯಸ್ಸಿನವಳು. ಆದರೂ ಆ ನೋಟಕ್ಕೆ ನೆಟ್ಟಗೆ ಕೂತೆ.

“ಶ್ರೀಪಾಲ ಕಾಕಾ, ಖರೇನ ದಿನಾ ನಡೀತೀರೇನು?”

ನನಗೆ ಸಿಟ್ಟು ನೆತ್ತಿಗೇರಿತು. ಆರು ತಿಂಗಳಿಂದ ಒಂದು ದಿನವೂ ತಪ್ಪಿಸದೆ ನನ್ನ ದ್ರಾಕ್ಷಿ ತೋಟದಿಂದ ಮಾಯಪ್ಪನ ಬೆಲ್ಲದ ಗಾಣದವರೆಗೆ ಬಿರಬಿರನೆ ನಡೆದು ಬರುತ್ತೇನೆ, ಪೂರಾ ಒಂದು ತಾಸು. “ಬೇಕಾದ್ರ ನಮ್ಮ ಮನಿಯಾಕೀನ ಕೇಳ್ರಿ,” ಎಂದೆ. ಪಕ್ಕದಲ್ಲಿದ್ದ ತಾರಾಬಾಯಿ ಹೌದೆಂದು ತಲೆಯಾಡಿಸಿದಳು.

ನಡೆಯುವ ಹಟ ಹುಟ್ಟಿದ್ದೇ ಅವಳಿಂದ. ಹೋದ ವರ್ಷ ಬಾಹುಬಲಿ ಗುಡ್ಡದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ಏದುಸಿರು ಬಂದು ಕುಸಿದು ಕೂತಿದ್ದೆ. ನೀನಾದರೂ ಹತ್ತಿ ಹೋಗು ಎಂದರೂ ತಾರಾ ಕೇಳಲಿಲ್ಲ. ಮೇಲಿನ ಬಸದಿಯ ದರ್ಶನಕ್ಕೆ ಹರಕೆ ಹೊತ್ತವಳು ನನ್ನ ಬೆವರು ಒರೆಸಿ, ಅಲ್ಲಿಂದಲೇ ಕೈಮುಗಿದು ಇಳಿದುಬಂದಳು. ಆ ನಾಚಿಕೆ ಇನ್ನೂ ಹೋಗಿಲ್ಲ. ಈ ಸಲ ಅವಳ ಹರಕೆ ತೀರಿಸಿಯೇ ಸೈ ಎಂದುಕೊಂಡಿದ್ದೆ. ಆದರೆ ಇಷ್ಟು ನಡೆದರೂ ದಮ್ಮು ಮಾತ್ರ ಒಂದಿಷ್ಟೂ ಹೆಚ್ಚಿರಲಿಲ್ಲ.

“ಸಕ್ಕರಿ ತಿಂತೀರೇನು?”

“ಒಂದ್ ಕಾಳ ಮುಟ್ಟಿಲ್ರಿ. ಚಾದಾಗೂ ಇಲ್ಲ.”

“ಮತ್ತ ಬೆಲ್ಲ?”

“ಬೆಲ್ಲ ತಿಂತೀನ್ರಿ. ಅದೇನ್ ಸಕ್ಕರಿ ಅಲ್ಲಲ್ಲ!”

ನಮ್ಮ ಕಡೆ ಸಕ್ಕರೆ ಅಂದರೆ ಫ್ಯಾಕ್ಟರಿಯದು, ಬೆಲ್ಲ ಮನೆಯದು. ದಣಿದು ಬಂದವರಿಗೆ ಬೆಲ್ಲ-ನೀರು ಕೊಡದ ಮನೆಯೇ ಇಲ್ಲ. ಮಾಯಪ್ಪ ಕೊಡುತ್ತಿದ್ದ ಬೆಲ್ಲದ ತುಂಡು ದಿನಾ ನನ್ನ ಕೈಯಲ್ಲಿ ಹಿಡಿಸುತ್ತಿರಲಿಲ್ಲ.

ಕಾಜಲ ನಗಲಿಲ್ಲ. “ಕಾಕಾ, ದಿನಾ ನಡದ್ರ ಕಾಲಿನ ಸ್ನಾಯುದಾಗ ಹೊಸಾ ರಕ್ತನಾಳ ಹುಟ್ಟತಾವ, ಕೂದಲಕ್ಕಿಂತ ಸಣ್ಣವು. ಅದಕ್ಕ ದಮ್ಮ ಬರತೈತಿ. ರಕ್ತದಾಗ ಸಕ್ಕರಿ ಹೆಚ್ಚಿದ್ರ ಸ್ನಾಯುಕ್ಕ ತಪ್ಪ ಸುದ್ದಿ ಮುಟ್ಟತೈತಿ ಅಂತ ಸಂಶೋಧನಾ ಮಾಡಿದವರು ಹೇಳ್ತಾರ. ನೀವು ನಡದ್ರೂ, ಭಾರ ಎತ್ತಾಕತ್ತಾರ ಅಂತ ತಿಳಕೊಂಡು ಅದು ದಪ್ಪ ಆಗತೈತಿ, ನಾಳ ಕಟ್ಟೂದು ಕಡಿಮಿ ಮಾಡತೈತಿ. ನಡಿಯೂದು ಬಿಡಬ್ಯಾಡ್ರಿ, ಅದರಿಂದ ಚಲೋನ ಐತಿ. ಗುಳಿಗಿ ತಗೋರಿ, ಬೆಲ್ಲ ಬಿಡ್ರಿ.”

ನಾನು ದಂಗಾಗಿ ಹೋದೆ. ತೋಟಕ್ಕೆ ಡ್ರಿಪ್ ಪೈಪು ಎಳೆಯಲು ನನಗೆ ನಾಲ್ಕು ಆಳು ಬೇಕು, ಆದರೂ ಯಾವುದೋ ಒಂದು ಸಾಲು ಒಣಗುತ್ತದೆ. ಇಲ್ಲಿ ನನ್ನ ಮೀನಖಂಡದೊಳಗೆ, ನನ್ನನ್ನು ಒಂದು ಮಾತೂ ಕೇಳದೆ, ಕೂದಲಿಗಿಂತ ಸಣ್ಣ ಕಾಲುವೆ ತೋಡಲು ಯಾರೋ ಸಜ್ಜಾಗಿ ಕೂತಿದ್ದಾರೆ! ಅರವತ್ತೆರಡು ವರ್ಷ ಈ ಕಾಲುಗಳ ಮೇಲೆ ನಿಂತಿದ್ದೇನೆ, ಇದೊಂದೂ ಗೊತ್ತಿರಲಿಲ್ಲ. ಮನೆ ಮುಟ್ಟುವವರೆಗೂ ಮೀನಖಂಡ ಮುಟ್ಟಿ ಮುಟ್ಟಿ ನೋಡಿಕೊಂಡೆ.

“ಅಲ್ಲೇನ್ ಕಳಕೊಂಡೀರಿ?” ಎಂದಳು ತಾರಾ.

ಮರುದಿನ ಗಾಣದಲ್ಲಿ ಬರೀ ನೀರು ಕುಡಿದೆ. ಮಾಯಪ್ಪ ಮುಖ ಊದಿಸಿಕೊಂಡ. “ನಮ್ಮ ಬೆಲ್ಲಕ್ಕ ಏನ್ ಬ್ಯಾನಿ ಬಂದೈತಿ?”

“ಬ್ಯಾನಿ ನನಗ ಬಂದೈತೋ ಮಾರಾಯಾ,” ಎಂದೆ. ಅವನು ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ವರದಿಯಲ್ಲಿ ಸಕ್ಕರೆ ಇಳಿದಿತ್ತು. ಒಂದು ಬೆಳಿಗ್ಗೆ ಗಾಣದ ಏರು ಹತ್ತುತ್ತ ನಾನು ಹಾಡಿಕೊಳ್ಳುತ್ತಿದ್ದೇನೆ ಎಂಬುದು ನನಗೇ ತಿಳಿದು, ನಡುರಸ್ತೆಯಲ್ಲಿ ನಿಂತುಬಿಟ್ಟೆ. ಮೀನಖಂಡದೊಳಗಿನವರು ಕಾಲುವೆ ತೋಡಲು ಹತ್ತಿದ್ದರು.

ಗುಡ್ಡಕ್ಕೆ ಹೋದೆವು. ಡೋಲಿಯವರು “ಬರ್ರಿ ಅಜ್ಜಾರ” ಎಂದು ಕರೆದರು. ನಾನು ತಿರುಗಿಯೂ ನೋಡಲಿಲ್ಲ. ಹೋದ ವರ್ಷ ಕೂತಿದ್ದ ಮೆಟ್ಟಿಲು ದಾಟಿ ಹತ್ತುತ್ತಲೇ ಹೋದೆ. ಕೆಳಗಿನಿಂದ ದನಿ ಬಂತು.

“ತಡೀರಿ ಸ್ವಲ್ಪ!”

ತಾರಾ ಹತ್ತು ಮೆಟ್ಟಿಲು ಹಿಂದೆ, ಕಟ್ಟೆ ಹಿಡಿದು ನಿಂತಿದ್ದಳು. ಇಳಿದು ಅವಳ ಪಕ್ಕ ಕೂತು ಅವಳ ಬೆವರು ಒರೆಸಿದೆ. “ದಮ್ಮ ತಗೋ. ನಾ ಎಲ್ಲೂ ಹೋಗೂದಿಲ್ಲ.”

ಬಸದಿಯಲ್ಲಿ ಅವಳು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ನಾನು ದೇವರಿಗೆ ಬಾಗಿದವನು, ಏಳುವಾಗ ನನ್ನ ಮೀನಖಂಡಗಳನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಾರಾ ನೋಡಿದಳು. ಈ ಸಲ ಏನು ಕಳಕೊಂಡೀರಿ ಎಂದು ಕೇಳಲಿಲ್ಲ.