ಕನ್ನಡಕದಕ್ಕ ಕಿತ್ತಿಟ್ಟ ಪುಟ

ಗಂಡ ಹೆಂಡತಿ ಬೇರೆಯಾದರೆ ಯಾರು ಮನೆ ಬಿಟ್ಟರು, ಯಾಕೆ ಬಿಟ್ಟರು ಎನ್ನುವುದು ಬೀದಿಗೆಲ್ಲ ಗೊತ್ತಾಗುತ್ತದೆ. ಯಾರ ಹೆಸರಲ್ಲಿ ಏನಿದೆ ಎನ್ನುವುದು ಮಾತ್ರ ಎಷ್ಟೋ ಸಲ ಆ ಹೆಂಡತಿಗೇ ಗೊತ್ತಿರುವುದಿಲ್ಲ. ನಮ್ಮ ಕನ್ನಡಕದಕ್ಕನ ಕಥೆಯೂ ಹಾಗೇ.

ಬಸ್ ನಿಲ್ದಾಣದ ಪಕ್ಕದ ಕನ್ನಡಕದ ಅಂಗಡಿಯನ್ನು ಕಟ್ಟಿದ್ದು ಅವಳೂ ಅವಳ ಗಂಡನೂ ಸೇರಿ. ಗಂಡ ಮುಂದೆ ಕೂತು ಗಿರಾಕಿಗಳ ಜತೆ ಮಾತಾಡುತ್ತಿದ್ದ. ಅವಳು ಪರದೆಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಯಂತ್ರಕ್ಕೆ ಗಾಜು ಹಿಡಿದು, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುತ್ತಿದ್ದಳು. ಬಂದವರ ಕಣ್ಣಿನ ನಂಬರು, ಎರಡು ಕಣ್ಣಿನ ನಡುವಿನ ಅಳತೆ, ತಾರೀಖು ಎಲ್ಲವನ್ನೂ ಆರ್ಡರ್ ಪುಸ್ತಕದಲ್ಲಿ ಬರೆಯುವುದೂ ಅವಳದೇ ಕೆಲಸ. ಒಂಬತ್ತು ವರ್ಷದ ಪುಸ್ತಕಗಳು ಅವಳ ದುಂಡು ಅಕ್ಷರದಲ್ಲೇ ಇದ್ದವು.

ಒಂದು ದಿನ ಹಸಿರು ಫ್ರೇಮು ಬೇಕೆಂದು ಒಬ್ಬ ಹೆಂಗಸು ಬಂದಳು. ಆ ಹಸಿರು ಫ್ರೇಮಿನವಳ ಅಳತೆ ತೆಗೆದವಳೂ ಕನ್ನಡಕದಕ್ಕನೇ. ಮೂಗಿನ ಮೇಲೆ ಸ್ಕೇಲು ಹಿಡಿದು, ಎಷ್ಟು ಚೆಂದದ ಕಣ್ಣು ನಿಮ್ಮದು ಎಂದು ಬಾಯಿತುಂಬ ಹೊಗಳಿದ್ದಳು. ಆರು ತಿಂಗಳಾಗುವುದರೊಳಗೆ ಗಂಡ ಆ ಕಣ್ಣಿನ ಹಿಂದೆ ಹೋದ.

ಅವತ್ತೇ ಕನ್ನಡಕದಕ್ಕ ಆರ್ಡರ್ ಪುಸ್ತಕದಲ್ಲಿ ಆ ಹೆಂಗಸಿನ ಅಳತೆ ಬರೆದಿದ್ದ ಪುಟವನ್ನು ಪರಕ್ಕನೆ ಕಿತ್ತಳು. ಎಸೆಯಲು ಮನಸ್ಸು ಬರಲಿಲ್ಲ. ನಾಲ್ಕು ಮಡಿಕೆ ಮಾಡಿ ಸ್ಕ್ರೂ ಡಬ್ಬಿಯ ತಳದಲ್ಲಿಟ್ಟಳು. ಡಬ್ಬಿಯನ್ನೂ ಪುಸ್ತಕಗಳನ್ನೂ ಎತ್ತಿಕೊಂಡು, ಏಳು ವರ್ಷದ ಮಗಳ ಕೈಹಿಡಿದು ಅಮ್ಮನ ಮನೆಗೆ ಬಂದು, ಮುಂದಿನ ಕೋಣೆಯಲ್ಲಿ ರಿಪೇರಿ ಕೆಲಸ ಶುರುಮಾಡಿದಳು. ದಿನಕ್ಕೊಮ್ಮೆ ಆ ಪುಟ ಬಿಡಿಸಿ ನೋಡುತ್ತಿದ್ದಳು. ಹಸಿರು ಫ್ರೇಮಿನವಳ ಎರಡು ಕಣ್ಣಿನ ನಡುವೆ ಅರವತ್ತೊಂದು ಮಿಲಿಮೀಟರು. ಕನ್ನಡಿ ಮುಂದೆ ನಿಂತು ತನ್ನದನ್ನೂ ಅಳೆದಳು, ಐವತ್ತೊಂಬತ್ತು. ಎರಡೇ ಮಿಲಿಮೀಟರಿಗೆ ಸಂಸಾರ ಹೋಯಿತೇ ಎಂದು ಹೊಟ್ಟೆ ಧಗಧಗ ಉರಿಯುತ್ತಿತ್ತು.

ಎಂಟು ತಿಂಗಳ ಮೇಲೆ ಅವಳ ನಾದಿನಿ ಒಂದು ಕಾಗದ ತಂದಳು. ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುತ್ತೇವೆ, ಅಂಗಡಿ ಗಂಡನಿಗೆ, ಹೆಂಡತಿಗೆ ಏನೂ ಬೇಡ ಎಂದು ಅದರಲ್ಲಿತ್ತು. ನಾದಿನಿ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಬಿಟ್ಟುಹೋದಳು.

"'ಆಕೆ ಎಲ್ಲಿ ಬಿಡ್ತಾಳೆ, ದುಡ್ಡಿಗೋಸ್ಕರ ಅಂಟ್ಕೊಂಡೇ ಇರ್ತಾಳೆ' ಅಂತ ಅಣ್ಣನ ಜತೆ ಇರೋ ಅವಳು ಹೇಳ್ತಿದ್ಲು ಅತ್ತಿಗೆ. ನನಗ್ಯಾಕೆ, ಕೇಳಿದ್ದು ಹೇಳ್ದೆ."

ಅಷ್ಟು ಸಾಕಾಯಿತು. ಕನ್ನಡಕದಕ್ಕ ಪೆನ್ನಿಗಾಗಿ ಮೇಜನ್ನೆಲ್ಲ ತಡಕಾಡಿದಳು. ಅಮ್ಮನೂ ತಾಳ ಹಾಕಿದಳು. ಸಹಿ ಹಾಕಿ ಬಿಸಾಕು, ಮಾನವಾಗಿ ಬದುಕೋಣ, ಕೋರ್ಟು ಗೀರ್ಟು ಅಂತ ಅಲೆದರೆ ಸವೆಯುವುದು ನಮ್ಮ ಚಪ್ಪಲಿಯೇ ಎಂದಳು.

ಪೆನ್ನು ಸಿಗುವ ಹೊತ್ತಿಗೆ ಸರಿಯಾಗಿ ಟೈಪಿಸ್ಟ್ ಆಂಟಿ ಬಂದರು. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಟೈಪ್ ಮಾಡಿ ನಿವೃತ್ತರಾದವರು. ಕನ್ನಡಕದ ಮೂಗಿನ ಗುಂಡಿ ಬಿದ್ದುಹೋಗಿತ್ತು, ಹಾಕಿಸಲು ಬಂದಿದ್ದರು. ಮೇಜಿನ ಮೇಲಿನ ಕಾಗದ ನೋಡಿದ ಕೂಡಲೇ ಓದಿದೆಯಾ ಎಂದು ಕೇಳಿದರು.

"ಓದೋದೇನಿದೆ ಆಂಟಿ. ಅವನ ಒಂದು ಕಾಸೂ ಬೇಡ. ಅವಳ ಮುಂದೆ ಕೈಯೊಡ್ಡಿದೆ ಅನ್ನಿಸ್ಕೊಳ್ಳೋಕೆ ನನ್ನಿಂದಾಗಲ್ಲ."

"ಬಂದೋರ ಕೈಗೆಲ್ಲ ಕಾರ್ಡು ಕೊಟ್ಟು, ಕೆಳಗಿನ ಸಣ್ಣ ಸಾಲು ಓದಿ ಅಂತೀಯಲ್ಲ. ಇದರ ಕೆಳಗಿನ ಸಾಲು ನೀನು ಓದು, ನೋಡೋಣ."

ಓದಿದಳು. ಯಂತ್ರಕ್ಕೆಂದು ತೆಗೆದ ಸಾಲ ಈಗಿರುವಂತೆಯೇ ಮುಂದುವರಿಯುತ್ತದೆ ಎಂದಿತ್ತು. ಆ ಸಾಲದ ಪತ್ರದಲ್ಲಿ ನಿನ್ನ ಸಹಿಯೂ ಇದೆಯಾ ಎಂದು ಆಂಟಿ ಕೇಳಿದರು. ಇತ್ತು.

"ಅಲ್ಲಿಗೆ ಅಂಗಡಿ ಅವನಿಗೆ, ಸಾಲ ಇಬ್ಬರಿಗೂ. ನೀವು ಬೇರೆಯಾದ್ರಿ ಅಂತ ಬ್ಯಾಂಕು ನಿನ್ನನ್ನ ಬಿಟ್ಟುಬಿಡಲ್ಲಮ್ಮ. ಅವನು ಕಟ್ಟಲಿಲ್ಲ ಅಂದ್ರೆ ನಿನ್ನ ಬಾಗಿಲಿಗೇ ಬರ್ತಾರೆ. ಮಗಳ ಮಾತು ಎಲ್ಲಿದೆ ಇದರಲ್ಲಿ, ಹುಡುಕು."

ಎಲ್ಲೂ ಇರಲಿಲ್ಲ. ಮಗು ಯಾರ ಹತ್ತಿರ ಇರಬೇಕು, ಶಾಲೆಯ ಖರ್ಚು ಯಾರದು, ಒಂದಕ್ಷರವೂ ಇಲ್ಲ.

ಆಂಟಿ ಪೆನ್ನನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ನಿನ್ನ ಹೊಟ್ಟೆಕಿಚ್ಚಲ್ಲಿ ಅವರಿಬ್ಬರೂ ಚಳಿ ಕಾಯಿಸ್ಕೊಳ್ತಾರೆ ಮಗಳೇ, ನೋಡ್ಕೋ."

ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಎಂದು ಅಮ್ಮ ಕೇಳಿದಳು. ನ್ಯಾಯಾಲಯದ ಆವರಣದಲ್ಲೇ ಉಚಿತ ಕಾನೂನು ನೆರವು ಕೇಂದ್ರವಿದೆ, ಹೆಂಗಸರಿಗೆ ಅಲ್ಲಿ ದುಡ್ಡಿಲ್ಲದೆ ವಕೀಲರು ಸಿಗುತ್ತಾರೆ ಎಂದು ಆಂಟಿ ತಿಳಿಸಿದರು. ಬಿಟ್ಟಿ ವಕೀಲರು ಬಿಟ್ಟಿ ಕೆಲಸವನ್ನೇ ಮಾಡುತ್ತಾರೆ ಎಂದು ಅಮ್ಮ ಗೊಣಗಿದಳು. ಆದರೂ ಮರುದಿನ ಎಲ್ಲರಿಗಿಂತ ಮೊದಲು ಹೊರಟು ನಿಂತವಳು ಅವಳೇ.

ಕೇಂದ್ರದ ವಕೀಲೆಗೆ ಹೆಚ್ಚು ವಯಸ್ಸಾಗಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಅಂಗಡಿಯ ಪರವಾನಗಿ ಗಂಡನ ಹೆಸರಲ್ಲಿ ಮಾತ್ರ ಇದೆ, ನೀವು ಅಲ್ಲಿ ದುಡಿದಿದ್ದಕ್ಕೆ ಗುರುತೇನು ಎಂದು ಕೇಳಿದರು. ಕನ್ನಡಕದಕ್ಕ ಚೀಲದಿಂದ ಪುಸ್ತಕಗಳನ್ನು ತೆಗೆದಿಟ್ಟಳು. ಪುಟ ತಿರುಗಿಸಿದಂತೆಲ್ಲ ವಕೀಲೆಯ ಮುಖ ಅರಳಿತು. ಕೊನೆಯ ಪುಸ್ತಕದಲ್ಲಿ ಕೈ ನಿಂತಿತು.

"ನೂರ ಹದಿನೇಳನೇ ಪುಟ ಎಲ್ಲಿ? ಕಿತ್ತ ಹಾಗಿದೆ. ಇದನ್ನ ನೋಡಿದ್ರೆ ಅವರು ಇಡೀ ಪುಸ್ತಕದ ಮೇಲೇ ಅನುಮಾನ ಎತ್ತಬಹುದು."

ಕನ್ನಡಕದಕ್ಕನ ಕಿವಿ ಬಿಸಿಯಾಯಿತು. ಅಮ್ಮ ಅವಳ ಮುಖ ನೋಡಿದಳು, ಆಂಟಿ ನೆಲ ನೋಡಿದರು.

"ನನ್ನ ಹತ್ರಾನೇ ಇದೆ ಮೇಡಂ," ಎಂದಳು ಸಣ್ಣಗೆ. "ಅವಳ ಅಳತೆ ಅದರಲ್ಲಿತ್ತು. ಹೊಟ್ಟೆ ಉರಿದು ಕಿತ್ತೆ."

ವಕೀಲೆ ನಗಲಿಲ್ಲ. ಅಂಟಿಸಬೇಡಿ, ತಿದ್ದಬೇಡಿ, ಇದ್ದ ಹಾಗೇ ತನ್ನಿ, ಹೇಗೆ ಹರಿಯಿತು ಎಂದು ಕೇಳಿದರೆ ಇದ್ದದ್ದನ್ನೇ ಹೇಳಿ ಎಂದರು.

ಮಾರನೆಯ ದಿನ ಅವಳು ಪುಟವನ್ನು ತಂದು ಅದರ ಜಾಗದಲ್ಲಿಟ್ಟಳು. ಹರಿದ ಅಂಚಿಗೆ ಹರಿದ ಅಂಚು ಸರಿಯಾಗಿ ಕೂತಿತು. ಇಷ್ಟು ದಿನ ಅದರಲ್ಲಿ ಅವಳಿಗೆ ಕಂಡದ್ದು ಹಸಿರು ಫ್ರೇಮಿನವಳ ಹೆಸರು, ಅಳತೆ ಮಾತ್ರ. ಇವತ್ತು ಉಳಿದದ್ದೂ ಕಂಡಿತು. ಕಣ್ಣು ಆ ಹೆಂಗಸಿನದು, ನಿಜ. ಅಳತೆ ತೆಗೆದ ಕೈ, ಬರೆದ ಅಕ್ಷರ ತನ್ನದು. ತನ್ನ ದುಡಿಮೆಯ ಗುರುತನ್ನು ತಾನೇ ಹರಿದು ಡಬ್ಬಿಗೆ ಹಾಕಿಟ್ಟಿದ್ದಳು.

ಮಾತುಕತೆಗೆ ಐದು ತಿಂಗಳು ಹಿಡಿಯಿತು. ಪುಸ್ತಕ ನೋಡಿದ ಮೇಲೆ, ಅವಳು ಮನೆಯಲ್ಲೇ ಇದ್ದವಳು ಎಂದು ಗಂಡ ವಾದಿಸುವ ಹಾಗಿರಲಿಲ್ಲ. ಅಂಗಡಿ ಅವನಿಗೆ ಹೋಯಿತು, ಅದರಲ್ಲಿ ಅವಳ ಪಾಲಿನ ಹಣ ಅವಳಿಗೆ ಬಂತು. ಮಗಳು ಕನ್ನಡಕದಕ್ಕನ ಹತ್ತಿರ, ಭಾನುವಾರ ಅಪ್ಪನ ಜತೆ, ಶಾಲೆಯ ಖರ್ಚು ಅಪ್ಪನದು ಎಂದು ಬರವಣಿಗೆಯಲ್ಲೇ ಆಯಿತು. ಸಾಲ ಇನ್ನು ಅವನೊಬ್ಬನದೇ ಎಂದು ಬ್ಯಾಂಕು ಪತ್ರ ಕೊಟ್ಟ ಮೇಲೆಯೇ ಅವಳು ಪೆನ್ನು ಹಿಡಿದದ್ದು. ತನ್ನ ಜೀವವಿಮೆಯಲ್ಲಿ ನಾಮಿನಿ ಎಂದು ಗಂಡನ ಹೆಸರಿದ್ದ ಕಡೆ ಮಗಳ ಹೆಸರು ಬರೆಸಿದಳು. ಬಂದ ಹಣದಲ್ಲಿ ಒಂದು ಸಣ್ಣ ಯಂತ್ರ ಕೊಂಡು ಕಿಟಕಿಯ ಪಕ್ಕ ಹಾಕಿಸಿದಳು. ಈಗ ಯಾರೇ ಯಾವ ಕಾಗದ ತೋರಿಸಿದರೂ, ಓದಿದ್ಯಾ ಎಂದು ಮೊದಲು ಕೇಳುವವಳು ಅಮ್ಮನೇ.

ಹೊಟ್ಟೆಕಿಚ್ಚು ಪೂರ್ತಿ ಆರಿತೇ? ಇಲ್ಲ. ಮೊನ್ನೆ ಬೀದಿಯಲ್ಲಿ ಹಸಿರು ಫ್ರೇಮು ಎದುರಾದಾಗ ಎದೆ ಚುರುಕ್ ಎಂದಿತು. ಮರುಗಳಿಗೆಯೇ ಆ ಫ್ರೇಮು ಎಡಕ್ಕೆ ಇಳಿಬಿದ್ದಿರುವುದು ಕನ್ನಡಕದಕ್ಕನ ಕಣ್ಣಿಗೆ ಬಿತ್ತು. ಸರಿಮಾಡಿಕೊಡುವವರು ಆ ಅಂಗಡಿಯಲ್ಲಿ ಈಗ ಯಾರೂ ಇಲ್ಲ. ಕನ್ನಡಕದಕ್ಕ ಮನೆ ಮುಟ್ಟುವವರೆಗೂ ಒಬ್ಬಳೇ ನಗುತ್ತಾ ಬಂದಳು.

ಅಕ್ಕಾ, ತಂಗೀ, ಅಣ್ಣಾ, ಇದನ್ನು ಓದುತ್ತಿರುವ ನಿಮ್ಮ ಮನೆಗೂ ಇಂಥ ಒಂದು ಕಾಗದ ಬರಬಹುದು. ಉರಿಯುವ ಹೊಟ್ಟೆಯಲ್ಲಿ ಸಹಿ ಹಾಕಬೇಡಿ, ಯಾವ ಕಾಗದವನ್ನೂ ಹರಿಯಬೇಡಿ. ಸಾಲದ ಪತ್ರ, ಬ್ಯಾಂಕಿನ ಪುಸ್ತಕ, ನಿಮ್ಮ ಕೈಬರಹದ ಚೀಟಿ, ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮೊದಲು ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ನಂಬಿಕೆಯ ಒಬ್ಬರನ್ನು ಕರೆದುಕೊಂಡು ಹೋಗಿ. ಕೆಳಗಿನ ಸಣ್ಣ ಸಾಲು ಅರ್ಥವಾಗುವ ತನಕ ಕೇಳಿ. ಪೆನ್ನು ಆಮೇಲೆ ಹುಡುಕಿದರಾಯಿತು.