ಡಬ್ಬಿಯ ಮೇಲಿನ ಮೊಲ

ನನ್ನ ತಮ್ಮ ಮುನಿಯಣ್ಣ, ನನ್ನ ಬಾಯಲ್ಲಿ ಮುನಿಯ, ಹೆಗ್ಗನಹಳ್ಳಿಯಲ್ಲಿ ಮಟನ್ ಅಂಗಡಿ ಇಟ್ಟುಕೊಂಡವನು. ಅವನ ಒಬ್ಬಳೇ ಮಗಳು ರಾಗಿಣಿ ಹಾಲು, ಮೊಸರು, ತುಪ್ಪವನ್ನೂ ಮುಟ್ಟದವಳು. ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ನಾನು, ಇಂದ್ರಮ್ಮ. ಒಬ್ಬನಿಗೆ ಅಕ್ಕ, ಇನ್ನೊಬ್ಬಳಿಗೆ ಸೋದರತ್ತೆ. ಅವಳ ತಾಯಿ ತೀರಿಕೊಂಡ ಮೇಲೆ ಅಪ್ಪ ಮಗಳ ಮುನಿಸನ್ನು ಹೊತ್ತುಕೊಂಡು ನನ್ನ ಮನೆಯಿರುವ ದೀಪಾಂಜಲಿ ನಗರಕ್ಕೂ ಹೆಗ್ಗನಹಳ್ಳಿಗೂ ಓಡಾಡುವುದೇ ನನ್ನ ಹಣೆಬರಹವಾಗಿತ್ತು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಇವರ ಮನೆಯಲ್ಲಿ ಕೋಪಿಸಿಕೊಳ್ಳಲು ನನಗೆ ಸರದಿಯೇ ಬರುತ್ತಿರಲಿಲ್ಲ.

ಜಗಳ ಶುರುವಾದದ್ದು ಮೂರು ವರ್ಷದ ಹಿಂದಿನ ಹೊಸತೊಡಕಿನ ದಿನ. ಯುಗಾದಿಯ ಮಾರನೆಯ ದಿನ ನಮ್ಮ ಜನ ಬೆಳಕು ಹರಿಯುವ ಮೊದಲೇ ಮಟನ್‌ಗೆ ಸಾಲು ನಿಲ್ಲುತ್ತಾರೆ, ಅಂಗಡಿಯವರ ಮನೆಯಲ್ಲಿ ಆವತ್ತು ಯಾರಿಗೂ ಬಿಡುವಿಲ್ಲ. ಮುನಿಯ ತನ್ನ ಮಗಳನ್ನು ಗಲ್ಲಾದಲ್ಲಿ ಕೂರು ಎಂದು ಕರೆದ. ಅವಳು ಅಷ್ಟರಲ್ಲಾಗಲೇ ಬೀದಿನಾಯಿಗಳ ಗಾಯಕ್ಕೆ ಔಷಧ ಹಾಕುವ ಗುಂಪೊಂದನ್ನು ಸೇರಿ ಮಾಂಸ ಬಿಟ್ಟಿದ್ದಳು, ಮೊಟ್ಟೆ ಬಿಟ್ಟಿದ್ದಳು. ಇವನು ಕೈ ಹಿಡಿದು ಎಳೆದ. ಸಾಲಿನಲ್ಲಿ ನಿಂತವರ ಎದುರಿಗೇ ಅವಳು, "ನಿನ್ನ ಕೈ ಮುಟ್ಟಿದ್ದು ಯಾವ್ದೂ ನಂಗೆ ಬೇಡ ಅಪ್ಪ" ಎಂದುಬಿಟ್ಟಳು. ಆ ತಿಂಗಳೇ ವಿಜಯನಗರದ ಪಿಜಿಗೆ ಹೋದಳು. ಮನೆಗೆ ಬಂದರೆ ನೀರು ಮಾತ್ರ ಕುಡಿದು ಹೋಗುತ್ತಿದ್ದಳು. ನನ್ನ ಮಗಳಾಗಿದ್ದರೆ ಎರಡು ಬಿಗಿಯುತ್ತಿದ್ದೆ. ಮುನಿಯ ಒಂದು ಮಾತೂ ಆಡಲಿಲ್ಲ, ಅದಕ್ಕೇ ನನಗೆ ಅವನ ಮೇಲೂ ಸಿಟ್ಟು.

ಈಗ ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಅನಿಕೇತ್, ಬಸವೇಶ್ವರನಗರದವನು, ಅದೇ ನಾಯಿ ಗುಂಪಿನವನು. ಮುನಿಯ ಆಸೆಪಟ್ಟು ರೇಷ್ಮೆ ಸೀರೆ ತಂದ. "ಒಂದು ಸೀರೆಗೆ ಎಷ್ಟು ಹುಳ ಬೇಯಿಸ್ತಾರೆ ಗೊತ್ತಾ ಅತ್ತೆ?" ಎಂದು ಅದು ನನ್ನ ಕೈಯಲ್ಲೇ ವಾಪಸ್ ಬಂತು. ತುಪ್ಪದ ಮೈಸೂರುಪಾಕು ವಾಪಸ್ ಬಂತು. ಬೀಗರ ಊಟಕ್ಕೆ ಮಾಂಸ ಕೂಡದು ಎಂಬ ಹುಕುಂ ಬಂತು. ಮಾಗಡಿ ರಸ್ತೆಯ ಅರ್ಧ ಬೀಗರ ಊಟಗಳಿಗೆ ಮಟನ್ ಕಳಿಸುವವನು ಅದಕ್ಕೂ ತಲೆಯಾಡಿಸಿದ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ.

"ಧಾರೆ ಹೊತ್ತಲ್ಲಿ ನಾನು ಕೊಡ್ಸಿದ್ದು ಒಂದಾದ್ರೂ ಅವಳ ಮೈಮೇಲೆ ಇರ್ಲಿ ಅಕ್ಕ. ಇಲ್ದಿದ್ರೆ ಅವಳು ಈ ಮನೆಯಿಂದ ಹೋದಂಗೇ ಇರಲ್ಲ. ಎಲ್ಲಿಂದಲೋ ಹೋದಂಗಿರ್ತದೆ."

ಹಾಗೆ ಹೇಳಿದವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು? ಮದುಮಗಳ ಅಲಂಕಾರಕ್ಕೆ ಒಪ್ಪಿಕೊಂಡಿದ್ದ ನೀಲಾಂಬಿಕಾಳನ್ನು ಹೋಗಿ ಕಂಡೆ. ಗದಗದ ಕಡೆಯವಳು, ವಿಜಯನಗರದಲ್ಲಿ ಪಾರ್ಲರ್ ಇಟ್ಟಿದ್ದಾಳೆ. "ನನ್ನ ಸಾಮಾನೆಲ್ಲ ಒಂದೊಂದಾಗಿ ಓದಿ ನೋಡ್ಯಾರ್ರೀ ನಿಮ್ಮ ಹುಡುಗಿ. ಎಲ್ಲಾ ಪಾಸ್ ಆತು. ಕೆಂಪು ಲಿಪ್‌ಸ್ಟಿಕ್ ಒಂದ ಫೇಲು. ದೊಡ್ಡ ಕಂಪನೀದು, ಪ್ರಾಣಿದೇನೂ ಇರಲಾರದ್ದು ಸಿಕ್ಕರ ತರ್ರಿ" ಎಂದಳು. ಆ ಒಂದು ಜಾಗ ಖಾಲಿ ಇತ್ತು. ನಾನು ಓಡಿ ಬಂದು ತಮ್ಮನಿಗೆ ಹೇಳಿದೆ.

ಅವತ್ತು ಅವನು ಅಂಗಡಿಗೆ ಬೀಗ ಹಾಕಿ, ಎರಡು ಸಲ ಸ್ನಾನ ಮಾಡಿ, ಬಿಳಿ ಷರಟು ತೊಟ್ಟು ಬಂದ. ರಾಜಾಜಿನಗರದ ಮಾಲ್‌ಗೆ ಆಟೊದಲ್ಲಿ ಹೋಗುವಾಗ ಮತ್ತೆ ಮತ್ತೆ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದ. "ವಾಸನೆ ಬರ್ತಿದೆಯಾ ಅಕ್ಕ?" ಎಂದು ಕೇಳಿದ. ಇಲ್ಲವೆಂದರೂ ನಂಬಲಿಲ್ಲ. ಮಾಲ್‌ನ ಮೇಕಪ್ ಅಂಗಡಿಯೊಳಗೆ ಕಾಲಿಟ್ಟಾಗ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಸಿಂಚನಾ ಎಂಬ ಹೆಸರಿನ ಪಟ್ಟಿ ಇತ್ತು.

"ಬಜೆಟ್ ಎಷ್ಟು ಸಾರ್?"

"ಬಜೆಟ್ ಬಿಡಮ್ಮ. ಒಳ್ಳೇದು ಕೊಡು. ಒಳಗೆ ಯಾವ ಪ್ರಾಣೀನೂ ಇರಬಾರ್ದು, ಅಷ್ಟೇ."

ಅವಳು ಒಂದು ಕಪ್ಪು ಡಬ್ಬಿ ತೆಗೆದು ಗಾಜಿನ ಮೇಲಿಟ್ಟಳು. ಮುನಿಯ ಬಗ್ಗಿ ನೋಡಿ ಬೆಂಕಿ ತಗುಲಿದವನ ಹಾಗೆ ಹಿಂದೆ ಸರಿದ. ಡಬ್ಬಿಯ ಮೇಲೆ ನೆಗೆಯುವ ಮೊಲದ ಚಿತ್ರವಿತ್ತು.

"ಇದು ಬೇಡಮ್ಮ. ಇದರಲ್ಲಿ ಮೊಲ ಇದೆ."

ಅವನನ್ನು ನೋಡಿ ನಗುವ ಹಾಗಿರಲಿಲ್ಲ. ಅವನ ಅಂಗಡಿಯ ಬೋರ್ಡಿನ ಮೇಲೆ ಕುರಿ ಇದೆ, ಪಕ್ಕದ ಅಂಗಡಿಯ ಬೋರ್ಡಿನ ಮೇಲೆ ಹುಂಜ ಇದೆ. ಹೊರಗೆ ಯಾವ ಪ್ರಾಣಿಯ ಚಿತ್ರವೋ ಒಳಗೆ ಅದರದೇ ಮಾಂಸ. ಅವನು ಹುಟ್ಟಿದಾಗಿನಿಂದ ಕಂಡ ಲೆಕ್ಕ ಅದು. ಆದರೆ ಆ ಹುಡುಗಿ ನಕ್ಕುಬಿಟ್ಟಳು. ನನ್ನ ತಮ್ಮನ ಕಿವಿ ಕೆಂಪಾಯಿತು. ನಾನು ಕಣ್ಣುಬಿಟ್ಟು ನೋಡಿದ ಮೇಲೆ ಅವಳ ನಗು ನಿಂತಿತು.

"ಸಾರಿ ಸಾರ್. ಅದು ಕ್ರೂಯೆಲ್ಟಿ ಫ್ರೀ ಅನ್ನೋ ಗುರುತು. ಕೆಲವು ಕಂಪನಿಯವ್ರು ಮೊಲದ ಕಣ್ಣಿಗೆ ಹಾಕಿ ಟೆಸ್ಟ್ ಮಾಡ್ತಾರೆ. ಇವ್ರು ಹಂಗೆ ಮಾಡಲ್ಲ."

ಮುನಿಯ ಕೇಳಿದ್ದನ್ನು ನಂಬಲಾಗದೆ ನನ್ನ ಮುಖ ನೋಡಿದ. "ಮೊಲದ ಕಣ್ಣಿಗಾ? ನಾವಾದ್ರೂ ತಿನ್ನೋಕೆ ಕಡೀತೀವಿ" ಎಂದು ಗೊಣಗಿದ. ಆಮೇಲೆ ಗಾಜಿನ ಮೇಲೆ ಬಗ್ಗಿ ಕೇಳಿದ, "ಹಂಗಾದ್ರೆ ವೀಗನ್ನೂ ಹೌದು ತಾನೆ? ಪ್ರಾಣಿದು, ಹುಳದ್ದು, ಯಾವ್ದೂ ಸೇರಿಲ್ಲ ತಾನೆ?"

"ಹೌದು ಸಾರ್. ಎರಡೂ ಒಂದೇ."

"ಸರಿಯಾಗಿ ನೋಡಿ ಹೇಳಮ್ಮ. ನನ್ನ ಮಗಳಿಗೆ."

"ಗ್ಯಾರಂಟಿ ಸಾರ್."

ಡಬ್ಬಿಯ ಬೆನ್ನಿನ ಮೇಲಿನ ಅಕ್ಷರಗಳು ಇರುವೆಯ ತಲೆಯಷ್ಟಿದ್ದವು. ನನಗಾಗಲಿ ಅವನಿಗಾಗಲಿ ಓದಲು ಸಾಧ್ಯವೇ ಇರಲಿಲ್ಲ. ಸಿಂಚನಾ ಬಣ್ಣ ತೋರಿಸಲು ಕೈ ಕೇಳಿದಳು, ನಾನು ಚಾಚುವ ಮೊದಲೇ ಮುನಿಯ ತನ್ನ ಕೈಯನ್ನೇ ಮುಂದೆ ಮಾಡಿದ. ಅವನ ಮುಂಗೈ ಮೇಲೆ ಸಾಲಾಗಿ ಕೆಂಪು ಗೆರೆಗಳು ಬಿದ್ದವು. ಎಲ್ಲಕ್ಕಿಂತ ಗಾಢವಾದದ್ದನ್ನು ತೋರಿಸಿ ಇದೇ ಇರಲಿ ಎಂದ. ಅವನ ಫೋನು ಮಟನ್ ಅಂಗಡಿಯಲ್ಲೇ ಉಳಿದಿತ್ತು, ಬಿಲ್ಲಿಗೆ ನನ್ನ ನಂಬರ್ ಬರೆಸಿದೆವು.

ಡಬ್ಬಿಯನ್ನು ನಾನೇ ಪಿಜಿಗೆ ಒಯ್ದು ಕೊಟ್ಟೆ. ರಾಗಿಣಿ ಮೊಲವನ್ನು ನೋಡಿದಳು, ಡಬ್ಬಿಯನ್ನು ತಿರುಗಿಸಿದಳು. "ಅಪ್ಪ ತಾನೇ ಹೋಗಿದ್ನಾ?" ಎಂದು ಕೇಳಿದಳು. ಹೌದೆಂದೆ. ಅದನ್ನು ಬ್ಯಾಗಿನೊಳಗೆ ಇಟ್ಟುಕೊಂಡಳು. ಆ ವಾರವೆಲ್ಲ ಮುನಿಯ ನನಗೆ ಫೋನ್ ಮಾಡಿ ಮಾಡಿ ತಲೆ ತಿಂದ: ವಾಪಸ್ ಬಂತಾ ಅಕ್ಕ? ಬಂದಿಲ್ಲ ಕಣೋ, ಮಲಗು.

ಮದುವೆಯ ದಿನ ಕಲ್ಯಾಣಮಂಟಪದ ಬಾಗಿಲಲ್ಲಿ ಇಬ್ಬರೂ ನಿಂತು ಬಂದವರನ್ನು ಎದುರುಗೊಳ್ಳುತ್ತಿದ್ದೆವು. ಮುಹೂರ್ತ ಹತ್ತಿರವಾಗಿತ್ತು. ಮುನಿಯ ಸುಮ್ಮಸುಮ್ಮನೆ ನಗುತ್ತಿದ್ದ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಆಚೆ ಕಡೆ ಹೆಣ್ಣುದನಿ, ಅಳುವ ಹಾಗಿತ್ತು.

"ಆಂಟಿ, ನಾನು ಸಿಂಚನಾ, ಮಾಲ್‌ನಿಂದ. ಆ ಸಾರ್ ಅಷ್ಟು ಸಲ ಕೇಳಿದ್ರು. ನಾನು ತಪ್ಪು ಹೇಳ್ಬಿಟ್ಟೆ. ಇವತ್ತು ನಮ್ಮ ಮೇಡಂ ಹೇಳಿದ್ರು, ಮೊಲ ಇದ್ರೆ ಟೆಸ್ಟ್ ಮಾಡಿಲ್ಲ ಅಂತ ಮಾತ್ರ ಅರ್ಥ. ಆ ಕೆಂಪು ಬಣ್ಣ ಹುಳ ಅರೆದು ಮಾಡೋದಂತೆ. ಜೇನುಮೇಣಾನೂ ಇದೆಯಂತೆ. ಹಚ್ಕೊಳೋ ಮುಂಚೆ ತಂದ್ಬಿಡಿ ಆಂಟಿ, ಬೇರೆ ಕೊಡ್ತೀನಿ."

ಒಂದು ಸೀರೆಯ ಹುಳಕ್ಕೆ ಅಷ್ಟು ರಂಪ ಮಾಡಿದವಳ ತುಟಿಗೆ ಅರೆದ ಹುಳ. ಅದೂ ಅಪ್ಪ ಕೊಡಿಸಿದ್ದು. ಇವತ್ತು ಇದು ತಿಳಿದು ರಾಗಿಣಿ ಬಾಯಿ ತೆರೆದರೆ ಇವನು ಇನ್ನು ಏಳುವುದಿಲ್ಲ ಎಂದು ನನಗೆ ಖಂಡಿತವಾಯಿತು. ಫೋನ್ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಯಾರಕ್ಕ?"

"ಯಾರೋ ಲೋನ್ ಕೊಡ್ತೀವಿ ಅನ್ನೋರು."

ಮುನಿಯನ ನಗು ಹೋಯಿತು. "ಲೋನ್‌ನವ್ರ ಮಾತನ್ನ ನೀನು ಬೈಯದೆ ಇಷ್ಟು ಹೊತ್ತು ಕೇಳಲ್ಲ. ಏನಾಯ್ತು ಹೇಳು."

ಹೇಳಿದೆ. ಹೇಳುತ್ತಲೇ ಅವನ ತೋಳು ಹಿಡಿದುಕೊಂಡೆ. "ಬಾಯಿ ಮುಚ್ಕೊಂಡಿರು ಕಣೋ. ಯಾರಿಗೆ ಗೊತ್ತಾಗತ್ತೆ? ಸಂಜೆ ತೊಳ್ಕೊತಾಳೆ, ಮುಗೀತು."

"ನಂಗೆ ಗೊತ್ತಾಯ್ತಲ್ಲ."

"ನಿನ್ನ ಆಸೆ ಏನಾಗತ್ತೋ ಹುಚ್ಚ? ಈ ಒಂದು ಕೊಟ್ಟಿದ್ದು ಉಳಿದಿದೆ."

"ಕುರಿ ಅಂತ ಹೇಳಿ ಮೇಕೆ ತೂಗಿದವನಲ್ಲ ನಾನು" ಎಂದ, ತೋಳು ಬಿಡಿಸಿಕೊಂಡ, ಮದುಮಗಳ ಕೋಣೆಯ ಕಡೆ ಹೊರಟೇಬಿಟ್ಟ. ನಾನು ಸೀರೆ ಎತ್ತಿಕೊಂಡು ಹಿಂದೆ ಓಡಿದೆ. ಹೆಂಗಸರ ಕೋಣೆ ಅದು, ಬಾಗಿಲು ಬಡಿದು ಹೊಸ್ತಿಲ ಹೊರಗೇ ನಿಂತ.

ನೀಲಾಂಬಿಕಾ ಜಡೆಗೆ ಹೂ ಸಿಕ್ಕಿಸುತ್ತಿದ್ದಳು. ರಾಗಿಣಿ ಕನ್ನಡಿಯ ಮುಂದೆ ಕೂತಿದ್ದಳು. ತುಟಿ ಆಗಲೇ ಕೆಂಪಾಗಿತ್ತು. ಮುನಿಯ ಅದನ್ನು ನೋಡಿದ. ಅವನು ಬೇಡಿಕೊಂಡಿದ್ದ ನೋಟವೇ ಅದು, ಎದುರಿಗಿತ್ತು. ನನಗೆ ಅವನ ಬಾಯಿ ಹೊಲಿದುಬಿಡಬೇಕು ಅನ್ನಿಸಿತು.

"ರಾಗಿಣಿ, ಅದನ್ನ ತೆಗ್ದುಬಿಡಮ್ಮ. ಅದರಲ್ಲಿ ಹುಳ ಇದೆಯಂತೆ. ಆ ಹುಡುಗಿ ಗೊತ್ತಿಲ್ದೆ ಹೇಳಿದ್ಳು, ನಾನು ನಂಬ್ಕೊಂಡು ತಂದೆ."

ಈಗ ಸಿಡಿಯುತ್ತಾಳೆ ಎಂದುಕೊಂಡೆ. ಅವಳು ತಿರುಗಲಿಲ್ಲ. ಕನ್ನಡಿಯಲ್ಲೇ ಅವನನ್ನು ನೋಡಿದಳು.

"ಗೊತ್ತು ಅಪ್ಪ. ಅತ್ತೆ ತಂದ್ಕೊಟ್ಟ ದಿನಾನೇ ಓದ್ದೆ."

"ನಾ ಬ್ಯಾರೆ ಬಣ್ಣ ಹಚ್ತೀನಂದ್ರೂ ಕೇಳಲಿಲ್ರೀ" ಎಂದಳು ನೀಲಾಂಬಿಕಾ.

ಮೂರು ವರ್ಷದಿಂದ ಬೈದುಕೊಂಡಿದ್ದ ಹುಡುಗಿಯನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು. "ಮತ್ತಿನ್ನೇನು? ಎದ್ದೇಳಿ, ಮುಹೂರ್ತ ಆಯ್ತು" ಎಂದೆ. ಮುನಿಯ ಕದಲಲಿಲ್ಲ.

"ಗೊತ್ತಿದ್ದೂ ಯಾಕೆ ಹಚ್ಕೊಂಡೆ?"

"ಇದನ್ನೂ ವಾಪಸ್ ಕಳಿಸಿದ್ರೆ ನಿಂಗೆ..." ಎಂದು ಅವಳು ನಿಲ್ಲಿಸಿದಳು. "ಒಂದಿನ ತಾನೆ ಅಪ್ಪ. ಬಿಡು."

ಮೂರು ವರ್ಷದಲ್ಲಿ ಮೊದಲ ಸಲ ನನ್ನ ತಮ್ಮನಿಗೆ ಮಗಳ ಮೇಲೆ ಕೋಪ ಬಂದದ್ದನ್ನು ಅವತ್ತು ನೋಡಿದೆ. ದನಿ ಮಾತ್ರ ಏರಲಿಲ್ಲ.

"ಒಂದಿನ ಅಂದ್ರೇನು? ನನ್ನ ಮನೇಲಿ ಒಂದು ಲೋಟ ಕಾಫಿ ಕುಡೀಲಿಲ್ಲ ನೀನು. ಸೀರೆ ವಾಪಸ್ ಮಾಡ್ದೆ. ಬೀಗರ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಮಾಡಿಸ್ತಾ ಇದೀನಿ, ಹೆಗ್ಗನಹಳ್ಳಿಯವ್ರೆಲ್ಲ ನಗ್ತಾ ಇದಾರೆ. ನಗಲಿ ಅಂತ ಸುಮ್ನಿದ್ದೆ. ನನ್ನ ಮಗಳು ಬಿಟ್ಟೆ ಅಂದ್ರೆ ಬಿಟ್ಟಂಗೇ ಅಂತ ಸುಮ್ನಿದ್ದೆ. ಇವತ್ತು ನನಗೋಸ್ಕರ ಅದನ್ನ ಮುರಿದ್ರೆ, ನಾನು ಇಷ್ಟು ದಿನ ನುಂಗಿದ್ದು ಯಾತಕ್ಕೆ?"

ರಾಗಿಣಿಯ ಕಣ್ಣು ತುಂಬಿತು. ನೀಲಾಂಬಿಕಾ ಓಡಿ ಬಂದು ಕಣ್ಣ ಕೆಳಗೆ ಹತ್ತಿ ಒತ್ತಿದಳು. "ಅಳಬ್ಯಾಡ್ರೀ ಅಕ್ಕಾರ, ಕಾಡಿಗಿ ಇಳೀತದ." ಇನ್ನೊಂದು ತುಂಡು ಹತ್ತಿಯಿಂದ ತುಟಿ ಒರೆಸಿದಳು. ಬಣ್ಣ ಮಿಸುಕಲಿಲ್ಲ. ಮತ್ತೆ ತಿಕ್ಕಿದಳು. ದುಬಾರಿ ಸಾಮಾನಲ್ಲವೇ, ಮುಖಕ್ಕೆ ಅಂಟಿ ಕೂತಿತ್ತು. ಹೊರಗಿನಿಂದ ಪುರೋಹಿತರ ದನಿ ಬಂತು, "ಹೆಣ್ಣನ್ನ ಕರ್ಕೊಂಡ್ ಬನ್ನಿ." ಯಾರೋ ಬಾಗಿಲ ತನಕ ಬಂದು ಇಣುಕಿ ಹೋದರು.

"ಎಣ್ಣಿ ಬೇಕ್ರೀ ಇದಕ್ಕ" ಎಂದು ನೀಲಾಂಬಿಕಾ ತನ್ನ ಚೀಲ ತಡಕಾಡಿ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದಳು. ಹತ್ತಿ ಅದ್ದಿ ಮುಂದಕ್ಕೆ ಬಂದಳು. ರಾಗಿಣಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಎದ್ದು ಬಾಗಿಲ ಬಳಿಗೆ ಹೋದಳು, ಅಪ್ಪನ ಮುಂದೆ ಹಿಡಿದಳು.

"ನೀನೇ ಒರೆಸು."

ಮುನಿಯ ಆ ಹತ್ತಿಯನ್ನು ನೋಡಿದ. ಅಂಗೈ ಎರಡನ್ನೂ ಪಂಚೆಗೆ ಉಜ್ಜಿಕೊಂಡ, ಮತ್ತೂ ಉಜ್ಜಿಕೊಂಡ. "ನಾನು ಮುಟ್ಟಲಾ?" ಎಂದು ಕೇಳಿದ. ಅವಳು ಕಣ್ಣು ಮುಚ್ಚಿ, ಊಟ ಮುಗಿಸಿ ಬಾಯಿ ಒರೆಸಿಸಿಕೊಳ್ಳುವ ಮಗುವಿನ ಹಾಗೆ ಮುಖ ಎತ್ತಿದಳು. ಅವನು ಒಂದು ಕೈಯಲ್ಲಿ ಗಲ್ಲ ಹಿಡಿದು ಇನ್ನೊಂದರಲ್ಲಿ ಮೆಲ್ಲಗೆ ಒರೆಸಿದ. ಒಂದು ಹತ್ತಿಗೆ ಹೋಗಲಿಲ್ಲ. ನೀಲಾಂಬಿಕಾ ಇನ್ನೊಂದು ಕೊಟ್ಟಳು, ಆಮೇಲೆ ಮತ್ತೊಂದು. ಹೊರಗೆ ಕೂಗುತ್ತಲೇ ಇದ್ದರು. ಅವನು ಅವಸರ ಮಾಡಲಿಲ್ಲ.

ಅವಳನ್ನು ಮಂಟಪಕ್ಕೆ ನಾನೂ ಅವನೂ ಎರಡು ಕಡೆ ನಿಂತು ಕರೆತಂದೆವು. ಹೂವು, ತಾಯಿಯ ಒಡವೆ, ಕಾಡಿಗೆ ಎಲ್ಲ ಇತ್ತು, ತುಟಿ ಮಾತ್ರ ಬೋಳಾಗಿ ಎಣ್ಣೆಯಲ್ಲಿ ಮಿನುಗುತ್ತಿತ್ತು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅನಿಕೇತನ ತಾಯಿ ಎದುರಿಗೇ ಬಂದು, "ಇದೇನ್ರೀ, ಹುಡುಗಿಗೆ ಲಿಪ್‌ಸ್ಟಿಕ್ಕೇ ಹಚ್ಚಿಲ್ಲ? ಮರ್ತುಬಿಟ್ರಾ?" ಎಂದು ಕೇಳಿದರು. ಅಲರ್ಜಿ ಆಯಿತು ಎಂದು ಹೇಳಲು ನಾನು ಬಾಯಿ ತೆರೆದೆ.

ಮುನಿಯ ನನಗಿಂತ ಮೊದಲು ಮಾತಾಡಿದ. ಅಂಗಡಿಯಲ್ಲಿ ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಮಾತಾಡುವವನು, ಅಷ್ಟೇ ಜೋರಾಗಿ ಹೇಳಿದ.

"ಹಚ್ಚಿದ್ರು ಕಣಮ್ಮ. ನಾನೇ ಒರೆಸ್ದೆ. ನನ್ನ ಮಗಳು ಅಂಥದ್ದೆಲ್ಲ ಮುಟ್ಟಲ್ಲ."